ಮೂರು ಕೊಟೇಷನ್, ಮೂರು ಬಗೆಯ ಟನ್ ಲೆಕ್ಕ: ಕಚೇರಿ ಕಟ್ಟಡಕ್ಕೆ ಎ.ಸಿ. ಗುತ್ತಿಗೆದಾರರನ್ನು ಆರಿಸುವುದು ಹೇಗೆ?

ಸಹಕಾರ ಸಂಘದ ಕಾರ್ಯದರ್ಶಿ, ರಾಜಾಜಿನಗರ:

ಎಲ್ಲರಿಗೂ ನಮಸ್ಕಾರ. ನಾನು ರಾಜಾಜಿನಗರದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದೇನೆ. ಸಂಘದ ಸ್ವಂತ ಕಟ್ಟಡದಲ್ಲಿ ತಲಾ 6,000 ಚದರ ಅಡಿಯ ಮೂರು ಮಹಡಿಗಳಿವೆ. ನೆಲಮಹಡಿಯಲ್ಲಿ ನಮ್ಮ ಕೌಂಟರ್‌ಗಳು ಮತ್ತು ಲೆಕ್ಕಪತ್ರ ವಿಭಾಗ ಇವೆ. ಮೇಲಿನ ಎರಡು ಮಹಡಿಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಒಟ್ಟು ಸುಮಾರು 160 ಜನ ದಿನಕ್ಕೆ ಒಂಬತ್ತು ಗಂಟೆ ಇಲ್ಲಿ ಕುಳಿತು ಕೆಲಸ ಮಾಡುತ್ತಾರೆ. ಇಷ್ಟು ವರ್ಷ ಬೇಕಾದಾಗಲೆಲ್ಲ ಒಂದೊಂದಾಗಿ ಹಾಕಿಸಿದ ಸ್ಪ್ಲಿಟ್ ಎ.ಸಿ.ಗಳಲ್ಲೇ ಕಾಲ ತಳ್ಳಿದ್ದೇವೆ. ಅವುಗಳಲ್ಲಿ ಹೆಚ್ಚಿನವು ಆರ್-22 ಗ್ಯಾಸಿನ ಹಳೆಯ ಯಂತ್ರಗಳು. ಕಳೆದ ಬೇಸಿಗೆಯಲ್ಲಿ ಎರಡನೇ ಮಹಡಿಯ ಬಾಡಿಗೆದಾರರು, ಇಡೀ ಕಟ್ಟಡಕ್ಕೆ ಒಂದು ಸರಿಯಾದ ವ್ಯವಸ್ಥೆ ಮಾಡದಿದ್ದರೆ ಕರಾರು ಮುಂದುವರಿಸುವುದಿಲ್ಲ ಎಂದು ಪತ್ರ ಬರೆದ ಮೇಲೆ ಆಡಳಿತ ಮಂಡಳಿ ಹಣ ಮಂಜೂರು ಮಾಡಿತು.

ಮೂವರು ಗುತ್ತಿಗೆದಾರರಿಂದ ಕೊಟೇಷನ್ ತರಿಸಿದ್ದೇವೆ. ಮೊದಲನೆಯವರು 72 ಟನ್ನಿನ ವಿಆರ್‌ಎಫ್ ವ್ಯವಸ್ಥೆ (ಕೆಲವೇ ಔಟ್‌ಡೋರ್ ಯೂನಿಟ್‌ಗಳಿಂದ ಗ್ಯಾಸಿನ ಪೈಪುಗಳ ಮೂಲಕ ಹಲವು ಕೋಣೆಗಳ ಯಂತ್ರಗಳನ್ನು ನಡೆಸುವ ಏರ್ಪಾಡು) ಸಾಕು ಎನ್ನುತ್ತಾರೆ. ಎರಡನೆಯವರು 90 ಟನ್ನಿನ ವಿಆರ್‌ಎಫ್ ಹೇಳಿದ್ದಾರೆ. ಮೂರನೆಯವರು 120 ಟನ್ನಿನ ವಾಟರ್ ಕೂಲ್ಡ್ ಚಿಲ್ಲರ್ (ನೀರನ್ನು ತಂಪಾಗಿಸಿ ಕಟ್ಟಡದೊಳಗೆ ಹರಿಸುವ ಯಂತ್ರ) ಮತ್ತು ಅದರ ಶಾಖವನ್ನು ನೀರಿನ ಆವಿಯ ಮೂಲಕ ಹೊರಹಾಕಲು ಮಹಡಿಯ ಮೇಲೆ ಕೂಲಿಂಗ್ ಟವರ್ ಇಡಬೇಕೆನ್ನುತ್ತಾರೆ. ಮೊದಲನೆಯವರ ಮೊತ್ತ ಮೂರನೆಯವರ ಮೊತ್ತದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಮೂವರೂ ಅನುಭವಸ್ಥರೇ, ಮೂವರ ಬಳಿಯೂ ದೊಡ್ಡ ದೊಡ್ಡ ಗ್ರಾಹಕರ ಪಟ್ಟಿಯಿದೆ. ನಮ್ಮ ಕಟ್ಟಡ ಸಮಿತಿಯ ಅಧ್ಯಕ್ಷರು ಕಡಿಮೆ ದರದವರಿಗೇ ಕೊಡೋಣ ಎನ್ನುತ್ತಿದ್ದಾರೆ. ಎಂಜಿನಿಯರಿಂಗ್ ತಿಳಿಯದ ನಮ್ಮಂಥವರು ಇವರಲ್ಲಿ ಯಾರು ಸರಿ ಎಂದು ಯಾವ ಆಧಾರದ ಮೇಲೆ ತೀರ್ಮಾನಿಸಬೇಕು? ಇಂಥ ಕೆಲಸ ಮಾಡಿಸಿದವರು, ಮಾಡಿದವರು ದಯವಿಟ್ಟು ತಿಳಿಸಿ.

ನಿವೃತ್ತ ಹವಾನಿಯಂತ್ರಣ ವಿನ್ಯಾಸಕ, ಜಯನಗರ:

ಕಾರ್ಯದರ್ಶಿಯವರೇ, ಮೊತ್ತಗಳನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಭಾಗಾಕಾರ ಮಾಡಿ ನೋಡಿ. ತಮ್ಮ 18,000 ಚದರ ಅಡಿಯನ್ನು 250ರಿಂದ ಭಾಗಿಸಿದರೆ 72 ಬರುತ್ತದೆ, 200ರಿಂದ ಭಾಗಿಸಿದರೆ 90, 150ರಿಂದ ಭಾಗಿಸಿದರೆ 120. ಅಂದರೆ ಮೂವರಲ್ಲಿ ಒಬ್ಬರೂ ತಮ್ಮ ಕಟ್ಟಡದ ಶಾಖದ ಲೆಕ್ಕ ಹಾಕಿಲ್ಲ. ಒಂದು ಟನ್ನಿಗೆ ಇಷ್ಟು ಚದರ ಅಡಿ ಎಂಬ ಬಾಯಿಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿದು, ಅದರ ಮೇಲೆ ದರ ಬರೆದಿದ್ದಾರೆ. ಮೊದಲ ಭೇಟಿಯಲ್ಲಿ ಅಂದಾಜು ಹೇಳಲು ಬಾಯಿಲೆಕ್ಕ ತಪ್ಪಲ್ಲ, ನಾನೂ ಹೇಳಿದವನೇ. ಆದರೆ ಅದನ್ನೇ ಕರಾರಿಗೆ ಆಧಾರ ಮಾಡಿಕೊಂಡರೆ, 72 ಮತ್ತು 120ರ ನಡುವಿನ 48 ಟನ್ನಿನ ಅಂತರಕ್ಕೆ ಯಾರೂ ಉತ್ತರ ಕೊಡಬೇಕಾಗಿರುವುದಿಲ್ಲ.

ಮೂವರಿಗೂ ಒಂದೇ ಪತ್ರ ಬರೆಯಿರಿ: ಕೋಣೆವಾರು ಹೀಟ್ ಲೋಡ್ ಲೆಕ್ಕವನ್ನು ಸಹಿ ಮಾಡಿ ಕೊಡಬೇಕು ಎಂದು. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು, ಅಥವಾ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. ಆ ಶಾಖ ಎಲ್ಲಿಂದ ಬರುತ್ತದೆ ಎಂಬುದನ್ನು ಲೆಕ್ಕ ತೋರಿಸಬೇಕು. ಪಶ್ಚಿಮಕ್ಕೆ ಎಷ್ಟು ಚದರ ಅಡಿ ಗಾಜಿದೆ, ಅದಕ್ಕೆ ನೆರಳಿದೆಯೇ, ಮೇಲಿನ ಮಹಡಿಯ ತಾರಸಿಗೆ ಶಾಖ ತಡೆಯುವ ಪದರ ಇದೆಯೇ, ಯಾವ ಕೋಣೆಯಲ್ಲಿ ಎಷ್ಟು ಜನ, ಎಷ್ಟು ಕಂಪ್ಯೂಟರ್, ಸರ್ವರ್ ಎಲ್ಲಿದೆ ಇವೆಲ್ಲ ಬೇರೆ ಬೇರೆ ಸಾಲುಗಳಾಗಿ ಬರಬೇಕು. ಪೂರ್ವದ ಕೋಣೆಗೆ ಬೆಳಿಗ್ಗೆ, ಪಶ್ಚಿಮದ ಕೋಣೆಗೆ ಮಧ್ಯಾಹ್ನ ಮೂರರ ನಂತರ ಬಿಸಿಲು ಬೀಳುವುದರಿಂದ ಎರಡರ ಗರಿಷ್ಠ ಒಟ್ಟಿಗೆ ಬರುವುದಿಲ್ಲ. ಎಲ್ಲ ಕೋಣೆಗಳ ಗರಿಷ್ಠವನ್ನೂ ಸುಮ್ಮನೆ ಕೂಡಿಸಿ ದೊಡ್ಡ ಯಂತ್ರ ತೋರಿಸುವವರು ಈ ಮಾತನ್ನು ಮುಚ್ಚಿಡುತ್ತಾರೆ. ಹೊರಗಿನ ಉಷ್ಣತೆ ಎಷ್ಟೆಂದು ಹಿಡಿದಿದ್ದಾರೆ ಎಂಬುದನ್ನೂ ನೋಡಿ. ಬೆಂಗಳೂರಿನಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ ಎಂದು ಅದನ್ನೇ ಹಿಡಿದರೆ ಯಂತ್ರ ದಂಡಕ್ಕೆ ದೊಡ್ಡದಾಗುತ್ತದೆ; ವರ್ಷದ ಹೆಚ್ಚಿನ ದಿನಗಳಲ್ಲಿ ನಮ್ಮೂರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಹಾಗೆಯೇ ಔಟ್‌ಡೋರ್ ಯೂನಿಟ್ ಬಿಸಿಲಿಗೆ ಕಾದ ತಾರಸಿಯ ಮೇಲೆ ಕೂರುವುದರಿಂದ ಅದರ ಸುತ್ತಲಿನ ಗಾಳಿ ಹವಾಮಾನ ಇಲಾಖೆಯ ಅಂಕಿಗಿಂತ ಬಿಸಿಯಾಗಿರುತ್ತದೆ ಎಂಬುದನ್ನು ಮರೆತವರೂ ಇದ್ದಾರೆ.

ಬೆಂಗಳೂರಿಗೇ ಸೇರಿದ ಒಂದು ಪರೀಕ್ಷೆ ಹೇಳುತ್ತೇನೆ, ಗುತ್ತಿಗೆದಾರರ ಎಂಜಿನಿಯರ್ ಎದುರಿಗೆ ಕುಳಿತಾಗ ಕೇಳಿ: "ಎತ್ತರದ ತಿದ್ದುಪಡಿ ಮಾಡಿದ್ದೀರಾ?" ನಮ್ಮ ನಗರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ಚೆನ್ನೈಯ ಗಾಳಿಗಿಂತ ಶೇಕಡ 10ರಷ್ಟು ಹಗುರ. ಹಗುರವಾದ ಗಾಳಿ ಕಡಿಮೆ ಶಾಖ ಹೊರುವುದರಿಂದ, ಸಮುದ್ರಮಟ್ಟದಲ್ಲಿ ಟನ್ನಿಗೆ 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಗಾಳಿ ಸಾಕಾದರೆ ಇಲ್ಲಿ 440ರ ಸುಮಾರು ಬೇಕಾಗುತ್ತದೆ. ಬೇರೆ ಊರಿನ ಕೋಷ್ಟಕವನ್ನು ಹಾಗೆಯೇ ಇಳಿಸಿಕೊಂಡು ಫ್ಯಾನ್ ಮತ್ತು ಗಾಳಿ ಸಾಗಿಸುವ ಡಕ್ಟ್ ಆರಿಸಿದ ಕಟ್ಟಡಗಳಲ್ಲಿ, ಟನ್ ಸರಿಯಾಗಿದ್ದರೂ ಮೂಲೆಯ ಮೇಜಿಗೆ ಗಾಳಿ ಮುಟ್ಟುವುದಿಲ್ಲ. ಈ ಪ್ರಶ್ನೆಗೆ ತಡವರಿಸದೆ ಉತ್ತರಿಸುವ ಎಂಜಿನಿಯರ್ ಸಿಕ್ಕರೆ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಳ್ಳಿ.

ತಾಜಾ ಗಾಳಿಯ ವಿಷಯವನ್ನು ಹೆಚ್ಚು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಕಡಿಮೆ ದರದ ವಿಆರ್‌ಎಫ್ ಕೊಟೇಷನ್‌ಗಳಲ್ಲಿ ಮೊದಲು ಮಾಯವಾಗುವುದು ಇದೇ. ಸೀಲಿಂಗಿನಲ್ಲಿ ಕೂರುವ ವಿಆರ್‌ಎಫ್‌ನ ಕ್ಯಾಸೆಟ್ ಯಂತ್ರ ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಂಪು ಮಾಡುತ್ತದೆ. ಹೊರಗಿನ ಗಾಳಿ ತರಲು ಬೇರೆ ಫ್ಯಾನ್, ಫಿಲ್ಟರ್ ಮತ್ತು ಡಕ್ಟ್ ಬೇಕು. ಅಮೆರಿಕದ ಹವಾನಿಯಂತ್ರಣ ಎಂಜಿನಿಯರುಗಳ ಸಂಘವಾದ ಆಶ್ರೇಯ 62.1 ಮಾನದಂಡದ ಪ್ರಕಾರ ಕಚೇರಿಯಲ್ಲಿ ತಲೆಗೆ 5 ಸಿಎಫ್‌ಎಂ, ಜೊತೆಗೆ ಪ್ರತಿ ಚದರ ಅಡಿಗೆ 0.06 ಸಿಎಫ್‌ಎಂ ಹೊರಗಾಳಿ ಕೊಡಬೇಕು. ತಮ್ಮ 160 ಜನಕ್ಕೆ 800, ವಿಸ್ತೀರ್ಣಕ್ಕೆ 1,080, ಒಟ್ಟು 1,880 ಸಿಎಫ್‌ಎಂ ಆಗುತ್ತದೆ. ಮಳೆಗಾಲದ ತೇವದ ಗಾಳಿಯನ್ನು ಒಳಗಿನ ಮಟ್ಟಕ್ಕೆ ತರಲು ಇದೊಂದಕ್ಕೇ 5ರಿಂದ 6 ಟನ್ ಹೋಗುತ್ತದೆ. 72 ಟನ್ನಿನ ಕೊಟೇಷನ್ ತೆರೆದು ಇದಕ್ಕೊಂದು ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಆ ದರ ಏಕೆ ಕಡಿಮೆ ಎಂಬುದರ ಒಂದು ಪಾಲು ತಿಳಿದಂತಾಯಿತು.

ಕೂಲಿಂಗ್ ಟವರ್ ಬಗ್ಗೆ. ವಾಟರ್ ಕೂಲ್ಡ್ ಚಿಲ್ಲರ್ ವಿದ್ಯುತ್ತನ್ನು ಕಡಿಮೆ ಬಳಸುತ್ತದೆ ಎಂಬುದು ನಿಜ, ಆದರೆ ಅದು ನೀರು ಕುಡಿಯುವ ಯಂತ್ರ. ಪ್ರತಿ ಟನ್ನಿಗೆ ಗಂಟೆಗೆ ಸುಮಾರು 6 ಲೀಟರ್ ನೀರು ಆವಿಯಾಗುತ್ತದೆ. ತಮ್ಮ ಕಟ್ಟಡದಲ್ಲಿ ಸರಾಸರಿ 80 ಟನ್ ಒಂಬತ್ತು ಗಂಟೆ ಓಡಿದರೂ ದಿನಕ್ಕೆ 4,300 ಲೀಟರ್ ಗಾಳಿಗೆ ಹೋಗುತ್ತದೆ, ಲವಣ ಹೆಚ್ಚದಂತೆ ಚರಂಡಿಗೆ ಬಿಡಬೇಕಾದ ನೀರು ಬೇರೆ. ಎರಡೂ ಸೇರಿದರೆ ದಿನಕ್ಕೊಂದು ಟ್ಯಾಂಕರ್ ಎಂದಿಟ್ಟುಕೊಳ್ಳಿ. 2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರನ್ನು ವಾಹನ ತೊಳೆಯಲು ಬಳಸಬಾರದೆಂದು ಜಲಮಂಡಳಿ ಆದೇಶಿಸಿದ್ದನ್ನು ತಾವು ಮರೆತಿರಲಾರಿರಿ. ಸಂಸ್ಕರಿಸಿದ ನೀರು ಕೊಡುವ ಸ್ವಂತ ಘಟಕವಿರುವ ದೊಡ್ಡ ಸಂಕೀರ್ಣಗಳಿಗೆ ಕೂಲಿಂಗ್ ಟವರ್ ಒಪ್ಪುತ್ತದೆ. 18,000 ಚದರ ಅಡಿಯ ರಾಜಾಜಿನಗರದ ಕಟ್ಟಡಕ್ಕೆ ಅದನ್ನು ಸೂಚಿಸಿದವರು ನೀರಿನ ಮೂಲ ಯಾವುದೆಂದು ತಮ್ಮನ್ನು ಕೇಳಿದ್ದಾರೆಯೇ? ಕೇಳಿಲ್ಲವಾದರೆ ಅದೂ ಒಂದು ಉತ್ತರವೇ.

ಕೊನೆಯದಾಗಿ ಗ್ಯಾಸ್. ಆರ್-410ಎ ಬಳಸುವ ದೊಡ್ಡ ವಿಆರ್‌ಎಫ್ ಜಾಲದಲ್ಲಿ ಪೈಪುಗಳಲ್ಲಿರುವುದೂ ಸೇರಿ 20 ಕೆ.ಜಿ. ಮೀರುವುದು ಸಾಮಾನ್ಯ. ಅಷ್ಟೂ ಗ್ಯಾಸ್ ಒಂದು ಚಿಕ್ಕ ಕ್ಯಾಬಿನ್ನಿನೊಳಗೆ ಸೋರಿದರೆ ಅಲ್ಲಿರುವವರಿಗೆ ಉಸಿರಾಡುವ ಗಾಳಿ ಸಾಲದಾಗುತ್ತದೆ. ಒಂದು ಘನ ಮೀಟರಿಗೆ ಸುಮಾರು 0.42 ಕೆ.ಜಿ.ಯನ್ನು ಮೇಲ್ಮಿತಿಯಾಗಿ ಹಿಡಿಯುತ್ತಾರೆ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂಬತ್ತಡಿ ಎತ್ತರದ ಕ್ಯಾಬಿನ್ನಿನ ಗಾತ್ರ ಸುಮಾರು 25 ಘನ ಮೀಟರ್, ಅಂದರೆ ಮಿತಿ ಹತ್ತೂವರೆ ಕೆ.ಜಿ. ಈ ಲೆಕ್ಕವನ್ನು ತಮ್ಮ ಅತಿ ಚಿಕ್ಕ ಕೋಣೆಗೆ ಹಾಕಿ ತೋರಿಸಲು ಹೇಳಿ. ಆರ್-32ರ ಯಂತ್ರ ಸೂಚಿಸಿದರೆ, ಅದು ಅಲ್ಪ ಪ್ರಮಾಣದಲ್ಲಿ ಉರಿಯುವ ಗ್ಯಾಸ್ ಆದ್ದರಿಂದ ಸೋರಿಕೆ ಪತ್ತೆಯ ವ್ಯವಸ್ಥೆ ಏನೆಂದು ಕೇಳಿ. ಹಾಗೆಂದು ಅದನ್ನು ಹೆದರಿ ಬಿಡಬೇಕಾಗಿಲ್ಲ: ಭೂಮಿಯ ತಾಪ ಹೆಚ್ಚಿಸುವ ಗುಣದಲ್ಲಿ ಆರ್-410ಎಯ ಅಂಕ 2,088 ಆದರೆ ಆರ್-32ರದ್ದು 675. ಇಂಥ ಗ್ಯಾಸುಗಳನ್ನು ತಗ್ಗಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಒಪ್ಪಿಕೊಂಡಿದ್ದು, 2028ರಿಂದ ಇಂಥ ಗ್ಯಾಸುಗಳ ಬಳಕೆಗೆ ಮೇಲ್ಮಿತಿ ಬೀಳುತ್ತದೆ. ಹದಿನೈದು ವರ್ಷ ಓಡಬೇಕಾದ ಯಂತ್ರ ಕೊಳ್ಳುವಾಗ ಇದು ದೂರದ ಮಾತಲ್ಲ.

ಫೆಸಿಲಿಟಿ ಮ್ಯಾನೇಜರ್, ಹೊರವರ್ತುಲ ರಸ್ತೆ:

ಹಿರಿಯರು ವಿನ್ಯಾಸದ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಯಂತ್ರ ಕೂರಿಸಿದ ಮೇಲೆ ಅದರ ಜೊತೆ ದಿನವೂ ಬಾಳುವವನಾಗಿ ಕೆಲವು ಮಾತು ಹೇಳುತ್ತೇನೆ.

ಗ್ರಾಹಕರ ಪಟ್ಟಿಯನ್ನು ನಂಬಬೇಡಿ, ಅದರಲ್ಲಿರುವ ಕಟ್ಟಡಗಳಿಗೆ ಹೋಗಿ. ಹೊಸದಾಗಿ ಮುಗಿಸಿದ ಕಟ್ಟಡಕ್ಕೆ ಅವರೇ ಕರೆದುಕೊಂಡು ಹೋಗುತ್ತಾರೆ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ತಾವು ಮೂರು ವರ್ಷ ಹಳೆಯ, ತಮ್ಮಷ್ಟೇ ಗಾತ್ರದ ಒಂದು ಕಟ್ಟಡವನ್ನು ಆರಿಸಿ, ಗುತ್ತಿಗೆದಾರರನ್ನು ಬಿಟ್ಟು, ಮಧ್ಯಾಹ್ನ ಮೂರು ಗಂಟೆಗೆ ಹೋಗಿ. ಆಡಳಿತಾಧಿಕಾರಿಯ ಕೋಣೆಯಲ್ಲಿ ಕಾಫಿ ಕುಡಿದು ಬರುವುದಕ್ಕಿಂತ ಅಲ್ಲಿನ ಎಲೆಕ್ಟ್ರಿಷಿಯನ್ ಜೊತೆ ಹತ್ತು ನಿಮಿಷ ನಿಂತು ಮಾತಾಡಿದರೆ ಹೆಚ್ಚು ತಿಳಿಯುತ್ತದೆ. ದೂರಿನ ಪುಸ್ತಕ ಕೇಳಿ. ದೂರು ಬರೆದ ದಿನಕ್ಕೂ ಮೆಕ್ಯಾನಿಕ್ ಸಹಿ ಮಾಡಿದ ದಿನಕ್ಕೂ ಎಷ್ಟು ಅಂತರವಿದೆ ಎಂದು ಪುಟ ತಿರುಗಿಸಿ. ಆಮೇಲೆ ತಲೆಯೆತ್ತಿ ಫಾಲ್ಸ್ ಸೀಲಿಂಗ್ ನೋಡಿ. ಕ್ಯಾಸೆಟ್ ಯಂತ್ರದ ಪಕ್ಕದ ಹಲಗೆಗಳಲ್ಲಿ ಚಹಾ ಚೆಲ್ಲಿದಂಥ ಹಳದಿ ಉಂಗುರಗಳಿದ್ದರೆ, ಡ್ರೈನ್ ಪೈಪಿಗೆ ಇಳಿಜಾರು ಕೊಟ್ಟಿಲ್ಲ ಅಥವಾ ಅದಕ್ಕೆ ಇನ್ಸುಲೇಷನ್ ಸುತ್ತಿಲ್ಲ ಎಂದರ್ಥ. ನೂರು ಅಡಿಗೆ ಒಂದು ಅಡಿ ಇಳಿಜಾರು ಕೊಡುವುದಕ್ಕೆ ಹೆಚ್ಚು ಖರ್ಚೇನೂ ಇಲ್ಲ, ಸ್ಪಿರಿಟ್ ಲೆವೆಲ್ ಹಿಡಿಯುವ ತಾಳ್ಮೆಯಿದ್ದರೆ ಸಾಕು. ನಮ್ಮಲ್ಲಿ ಒಂದು ಸೋಮವಾರ ಬೆಳಿಗ್ಗೆ ಸಂಬಳ ವಿಭಾಗದವರು ಬಂದು ನೋಡಿದರೆ ಪ್ರಿಂಟರಿನ ಕಾಗದದ ತಟ್ಟೆಯಲ್ಲಿ ನೀರು ನಿಂತಿತ್ತು. ಹಲಗೆ ಸರಿಸಿದಾಗ ಕಂಡದ್ದು, ಮೂವತ್ತು ಅಡಿ ಉದ್ದದ ಡ್ರೈನ್ ಪೈಪ್ ನಡುವೆ ಹಗ್ಗದಂತೆ ಜೋತುಬಿದ್ದು, ಆ ಹೊಟ್ಟೆಯಲ್ಲಿ ಪಾಚಿ ತುಂಬಿಕೊಂಡಿತ್ತು. ಎರಡು ಕ್ಲಾಂಪುಗಳ ನಡುವೆ ಒಂದು ಹೆಚ್ಚಿಗೆ ಹಾಕಿದ್ದರೆ ಮುಗಿಯುತ್ತಿದ್ದ ಮಾತು.

ನಮ್ಮ ಕಚೇರಿ ಬೆಳ್ಳಂದೂರು ಕೆರೆಯ ಕಡೆಗಿದೆ. ಕೊಳಚೆ ನೀರಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ಕಪ್ಪಾಗಿಸಿ ತಿನ್ನುತ್ತದೆ. ಮೊದಲು ಹಾಕಿಸಿದ ಯಂತ್ರಗಳ ಕಾಯಿಲ್‌ಗಳು ಎರಡೇ ವರ್ಷದಲ್ಲಿ ಸೋರತೊಡಗಿದಾಗ, ಲೇಪನವಿರುವ ಕಾಯಿಲ್ ಬೇಕಿತ್ತೆಂದು ಗುತ್ತಿಗೆದಾರರು ಆಗ ಹೇಳಿದರು. ರಾಜಾಜಿನಗರದಲ್ಲಿ ತಮಗೆ ಈ ತೊಂದರೆ ಇರಲಾರದು, ಆದರೆ ಸುತ್ತಮುತ್ತಲ ಪರಿಸರ ನೋಡಿ ಏನಾದರೂ ಕೇಳುವ ಗುತ್ತಿಗೆದಾರರು ಬೇಕು ಎಂಬುದಕ್ಕೆ ಹೇಳಿದೆ. ಪಕ್ಕದಲ್ಲಿ ಹೋಟೆಲಿನ ಹೊಗೆಗೂಡು ಇದ್ದರೂ ಕಾಯಿಲ್ ಜಿಡ್ಡುಗಟ್ಟುತ್ತದೆ.

ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ದರವನ್ನು ಈಗಲೇ ಬರೆಸಿಕೊಳ್ಳಿ. ವಾರಂಟಿ ಮುಗಿದ ಮೇಲೆ ಐದು ವರ್ಷದ ಕಾಂಪ್ರಹೆನ್ಸಿವ್ ದರ, ಅದರಲ್ಲಿ ಕಂಪ್ರೆಸರ್, ಸರ್ಕ್ಯೂಟ್ ಬೋರ್ಡ್ ಮತ್ತು ಗ್ಯಾಸ್ ಸೇರಿವೆಯೇ ಎಂಬುದು, ಯಂತ್ರ ನಿಂತರೆ ಎಷ್ಟು ಗಂಟೆಯೊಳಗೆ ಬರುತ್ತಾರೆ ಎಂಬುದು, ಇವು ಕೊಟೇಷನ್ನಿನಲ್ಲೇ ಇರಬೇಕು. ಕೂಲಿ ಮಾತ್ರದ ಎಎಂಸಿಯನ್ನು ಕಡಿಮೆ ದರಕ್ಕೆ ಕೊಟ್ಟು, ಬಿಡಿಭಾಗದಲ್ಲಿ ವಸೂಲು ಮಾಡುವುದು ಈ ಧಂದೆಯ ಹಳೆಯ ದಾರಿ. ಅವರ ಸಂಬಳದ ಪಟ್ಟಿಯಲ್ಲಿ ನಗರದೊಳಗೆ ಎಷ್ಟು ಮೆಕ್ಯಾನಿಕ್‌ಗಳಿದ್ದಾರೆ, ಎಷ್ಟು ಕಟ್ಟಡಗಳ ಎಎಂಸಿ ಅವರ ಕೈಯಲ್ಲಿದೆ ಎಂದೂ ಕೇಳಿ. ಏಪ್ರಿಲ್ ತಿಂಗಳಲ್ಲಿ ಸಂಜೆಯ ಟ್ರಾಫಿಕ್‌ನಲ್ಲಿ ವೈಟ್‌ಫೀಲ್ಡ್‌ನಿಂದ ರಾಜಾಜಿನಗರಕ್ಕೆ ಒಬ್ಬ ಮೆಕ್ಯಾನಿಕ್ ಬರುವಷ್ಟರಲ್ಲಿ ತಮ್ಮ ಕಚೇರಿ ಮುಚ್ಚುವ ಹೊತ್ತಾಗಿರುತ್ತದೆ.

ನನ್ನ ಇನ್ನೊಂದು ಸಲಹೆ: ಯಂತ್ರಗಳನ್ನು ತಯಾರಕರಿಂದಲೇ ನೇರ ಕೊಂಡು, ಕೂರಿಸುವ ಕೆಲಸವನ್ನು ಮಾತ್ರ ಗುತ್ತಿಗೆಗೆ ಕೊಡಿ. ನಡುವಿನ ಲಾಭಾಂಶ ಉಳಿಯುತ್ತದೆ.

ಹವಾನಿಯಂತ್ರಣ ಗುತ್ತಿಗೆದಾರ, ಪೀಣ್ಯ:

ಮೇಲಿನ ಕೊನೆಯ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಯಂತ್ರ ಒಬ್ಬರದು, ಪೈಪ್ ಇನ್ನೊಬ್ಬರದು ಆದರೆ, ತಂಪು ಬಾರದಿದ್ದ ದಿನ ತಯಾರಕರು ಪೈಪಿನ ಕಡೆ ಬೆರಳು ತೋರಿಸುತ್ತಾರೆ, ಪೈಪ್ ಹಾಕಿದವರು ಯಂತ್ರದ ಕಡೆ ತೋರಿಸುತ್ತಾರೆ. ದೊಡ್ಡ ಕಂಪನಿಗಳಿಗೆ ಇಬ್ಬರನ್ನೂ ಕೂರಿಸಿ ಜಗಳ ಬಿಡಿಸುವ ತಂಡವಿರುತ್ತದೆ. ಒಬ್ಬ ಕಾರ್ಯದರ್ಶಿಯಿಂದ ಅದು ಆಗದು. ಒಬ್ಬರೇ ಜವಾಬ್ದಾರಿ ಹೊರಲಿ. ಬದಲಿಗೆ ಆ ಬ್ರ್ಯಾಂಡಿನ ಅಧಿಕೃತ ಡೀಲರ್ ಎಂಬ ಪತ್ರ ಮತ್ತು ಯಂತ್ರ ಚಾಲೂ ಮಾಡುವಾಗ ತಯಾರಕರ ಎಂಜಿನಿಯರ್ ಹಾಜರಿದ್ದು ಸಹಿ ಮಾಡಿದ ವರದಿ, ಇವೆರಡನ್ನೂ ಕಡ್ಡಾಯ ಮಾಡಿ.

ನಮ್ಮ ಕೆಲಸದ ಒಳಗುಟ್ಟು ಹೇಳುವುದಕ್ಕೆ ನನಗೆ ಸಂಕೋಚವಿಲ್ಲ. ವಿಆರ್‌ಎಫ್ ಕೆಲಸದಲ್ಲಿ ಹಣ ಉಳಿಸುವುದೆಲ್ಲ ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಕಾಣದ ಜಾಗಗಳಲ್ಲಿ. ತಾಮ್ರದ ಪೈಪುಗಳನ್ನು ಬೆಸೆಯುವಾಗ ಒಳಗೆ ಸಣ್ಣಗೆ ನೈಟ್ರೋಜನ್ ಹರಿಯುತ್ತಿರಬೇಕು. ಇಲ್ಲದಿದ್ದರೆ ಬಿಸಿಗೆ ತಾಮ್ರದ ಒಳಮೈ ಸುಟ್ಟು ಕಪ್ಪು ಪುಡಿಯಾಗಿ, ಆ ಪುಡಿ ಗ್ಯಾಸಿನ ಜೊತೆ ತಿರುಗಿ ವಾಲ್ವ್ ಕಟ್ಟಿಕೊಳ್ಳುತ್ತದೆ, ಕೊನೆಗೆ ಕಂಪ್ರೆಸರ್ ಹೋಗುತ್ತದೆ. ಬೇರೆಯವರು ಅರ್ಧಕ್ಕೆ ಬಿಟ್ಟುಹೋದ ಒಂದು ಕೆಲಸವನ್ನು ವಹಿಸಿಕೊಂಡಾಗ, ಗ್ರಾಹಕರ ಎದುರೇ ಒಂದು ಬೆಸುಗೆಯ ಜಾಗವನ್ನು ಕಟರ್ ಹಾಕಿ ಕತ್ತರಿಸಿ ಅವರ ಅಂಗೈ ಮೇಲೆ ತಟ್ಟಿದೆ. ಕಾಡಿಗೆಯಂಥ ಚಕ್ಕೆಗಳು ಉದುರಿದವು. ನೈಟ್ರೋಜನ್ ಹರಿಸಿ ಬೆಸೆದ ನಮ್ಮ ತುಂಡನ್ನು ಪಕ್ಕದಲ್ಲಿಟ್ಟೆ, ಅದರೊಳಗೆ ಹೊಸ ಪಾತ್ರೆಯ ಬಣ್ಣ ಹಾಗೆಯೇ ಇತ್ತು. ತಾವೂ ಕರಾರಿನಲ್ಲಿ ಒಂದು ವಾಕ್ಯ ಸೇರಿಸಿ: ಮಾಲೀಕರು ಕೇಳಿದ ಯಾವುದೇ ಎರಡು ಬೆಸುಗೆಗಳನ್ನು ಕತ್ತರಿಸಿ ತೋರಿಸತಕ್ಕದ್ದು. ಈ ಒಂದು ವಾಕ್ಯ ಓದಿ ಹಿಂದೆ ಸರಿಯುವವರು ಸರಿಯಲಿ.

ಅದಾದ ಮೇಲೆ ಪೈಪಿನಲ್ಲಿ ಸುಮಾರು 40 ಬಾರ್ ಒತ್ತಡದಲ್ಲಿ ನೈಟ್ರೋಜನ್ ತುಂಬಿ 24 ಗಂಟೆ ಬಿಡಬೇಕು. ಗೇಜಿನ ಮುಳ್ಳನ್ನು ಸಂಜೆ ಮೊಬೈಲಿನಲ್ಲಿ ಫೋಟೋ ತೆಗೆದು, ಮರುದಿನ ಅದೇ ಹೊತ್ತಿಗೆ ಮತ್ತೊಂದು ತೆಗೆಯಿರಿ. ರಾತ್ರಿಯ ಚಳಿಗೆ ಒತ್ತಡ ಸ್ವಲ್ಪ ಇಳಿಯುತ್ತದೆ, ಅದಕ್ಕೆ ಗಾಬರಿ ಬೇಡ; ಅದೇ ಉಷ್ಣತೆಗೆ ಅದೇ ಅಂಕಿಗೆ ಬರಬೇಕು. ಬಳಿಕ ವ್ಯಾಕ್ಯೂಮ್, ಅಂದರೆ ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು. ಗೇಜ್ ಮ್ಯಾನಿಫೋಲ್ಡಿನ ಮುಳ್ಳು ಸೊನ್ನೆಗಿಂತ ಕೆಳಗಿಳಿದರೆ ಆಯಿತು ಎನ್ನುವ ಮೆಕ್ಯಾನಿಕ್‌ಗಳಿದ್ದಾರೆ. ಡಿಜಿಟಲ್ ವ್ಯಾಕ್ಯೂಮ್ ಗೇಜಿನಲ್ಲಿ 500 ಮೈಕ್ರಾನಿಗೆ (ಇಲ್ಲಿ ಇದು ಒತ್ತಡದ ಅಳತೆ) ಇಳಿದು, ಪಂಪ್ ನಿಲ್ಲಿಸಿದ ಮೇಲೂ ಅಲ್ಲೇ ನಿಲ್ಲಬೇಕು. ಆ ಗೇಜ್ ಅವರ ಬಳಿ ಇದೆಯೇ ಎಂದು ಮೂವರನ್ನೂ ಕೇಳಿ, ತಂದು ತೋರಿಸಲು ಹೇಳಿ. ಡಕ್ಟಿನ ತಗಡಿಗೂ ಹೀಗೆಯೇ. ಕೊಟೇಷನ್ನಿನಲ್ಲಿ 24 ಗೇಜ್ ಎಂದು ಬರೆದು 26 ಗೇಜ್ ತರುವುದುಂಟು. 0.63 ಮಿ.ಮೀ. ಮತ್ತು 0.5 ಮಿ.ಮೀ. ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣದು, ಮೈಕ್ರೋಮೀಟರಿಗೆ ಕಾಣುತ್ತದೆ.

ಬಿಒಕ್ಯೂ (ಸಾಮಗ್ರಿ ಮತ್ತು ಕೆಲಸದ ಪ್ರಮಾಣಗಳ ಪಟ್ಟಿ) ಓದುವಾಗ "ವಾಸ್ತವ ಅಳತೆಯಂತೆ" ಎಂಬ ಪದ ಎಲ್ಲೆಲ್ಲಿ ಇದೆ ಎಂದು ಗುರುತು ಹಾಕಿ. ತಾಮ್ರದ ಪೈಪನ್ನು ಬೇಕೆಂದೇ ಕಡಿಮೆ ಮೀಟರ್ ತೋರಿಸಿ, ಒಟ್ಟು ಮೊತ್ತ ಇಳಿಸಿ, ಕೆಲಸ ಹಿಡಿದ ಮೇಲೆ ಹೆಚ್ಚುವರಿ ಮೀಟರುಗಳಿಗೆ ಬಿಲ್ ಹಾಕುವುದೇ ಕಡಿಮೆ ದರದ ಒಂದು ತಂತ್ರ. ಬೆಸ್ಕಾಂ ಲೋಡ್ ಹೆಚ್ಚಿಸುವುದು, ಪ್ಯಾನೆಲ್‌ನಿಂದ ಕೇಬಲ್, ತಾರಸಿಯ ಮೇಲಿನ ಸ್ಟ್ಯಾಂಡ್ ಮತ್ತು ವಾಟರ್‌ಪ್ರೂಫಿಂಗ್, ಗೋಡೆ ಕೊರೆದದ್ದನ್ನು ಮುಚ್ಚುವುದು, ಹಳೆಯ ಯಂತ್ರ ತೆಗೆಯುವುದು, ಇವು ಯಾರ ತಲೆಗೆ ಎಂದು ಬರೆದಿಲ್ಲದಿದ್ದರೆ ತಮ್ಮ ತಲೆಗೇ ಬರುತ್ತವೆ. 90 ಟನ್ ವಿಆರ್‌ಎಫ್‌ಗೆ ಹೆಚ್ಚೂಕಡಿಮೆ 100 ಕಿಲೋವ್ಯಾಟ್ ಬೇಕಾಗುತ್ತದೆ. ತಮ್ಮ ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್ಲಿನಲ್ಲಿ ಇವತ್ತೇ ನೋಡಿಕೊಳ್ಳಿ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಮಾತನ್ನೂ ಕೇಳಬೇಕು. ಒಳ್ಳೆಯ ಗುತ್ತಿಗೆದಾರರು ತಮ್ಮಂಥ ಮಾಲೀಕರನ್ನೂ ಆರಿಸುತ್ತಾರೆ. ಕೊನೆಯ ಬಿಲ್ಲನ್ನು ಎಂಟು ತಿಂಗಳು ಎಳೆಯುವ ಮಾಲೀಕರ ಹೆಸರು ನಮ್ಮವರಲ್ಲಿ ಬೇಗ ಹರಡುತ್ತದೆ, ಅಂಥವರಿಗೆ ನಾವು ದರ ಏರಿಸಿಯೇ ಬರೆಯುತ್ತೇವೆ, ಇಲ್ಲವೇ ಬರೆಯುವುದೇ ಇಲ್ಲ. ಬ್ಯಾಂಕ್ ಗ್ಯಾರಂಟಿ ಇಟ್ಟುಕೊಂಡು ಶೇ 10 ಮುಂಗಡ, ಯಂತ್ರ ಸೈಟಿಗೆ ಬಂದಾಗ ಅದರ ಮೌಲ್ಯದ ದೊಡ್ಡ ಪಾಲು, ಪೈಪು ಮತ್ತು ಡಕ್ಟಿಗೆ ಅಳತೆ ನೋಡಿ ಹದಿನೈದು ದಿನಕ್ಕೊಮ್ಮೆ, ಚಾಲೂ ಮಾಡಿ ಗಾಳಿ ಹೊಂದಿಸಿದ ವರದಿ ಕೊಟ್ಟ ಮೇಲೆ ಉಳಿದದ್ದು, ಶೇ 5 ಮಾತ್ರ ಒಂದು ವರ್ಷದ ನಂತರ: ಹೀಗೆ ಬರೆದು, ಬರೆದಂತೆ ಕೊಟ್ಟರೆ ತಮಗೆ ನಮ್ಮ ಒಳ್ಳೆಯ ಮೇಸ್ತ್ರಿಯೇ ಸಿಗುತ್ತಾನೆ. ಸೈಟಿಗೆ ಯಾವ ಮೇಸ್ತ್ರಿ ಬರುತ್ತಾನೆ, ಕೆಲಸವನ್ನು ಒಳಗುತ್ತಿಗೆಗೆ ಕೊಡುತ್ತಾರೆಯೇ ಎಂಬುದನ್ನು ವರ್ಕ್ ಆರ್ಡರಿನ ಮೊದಲೇ ಕೇಳಿ. ಮೀಟಿಂಗಿಗೆ ಕೋಟು ಹಾಕಿಕೊಂಡು ಬಂದವರು ಸೈಟಿನಲ್ಲಿ ಮತ್ತೆ ಕಾಣಿಸುವುದು ಬಿಲ್ ಹಿಡಿದುಕೊಂಡೇ.

ಸಹಕಾರ ಸಂಘದ ಕಾರ್ಯದರ್ಶಿ, ರಾಜಾಜಿನಗರ:

ಮೂವರಿಗೂ ಕೃತಜ್ಞತೆಗಳು. ಭಾಗಾಕಾರದ ಮಾತನ್ನು ಸಮಿತಿಯಲ್ಲಿ ಓದಿ ಹೇಳಿದಾಗ ಅಧ್ಯಕ್ಷರು ಸ್ವಲ್ಪ ಹೊತ್ತು ಕ್ಯಾಲ್ಕುಲೇಟರ್ ಒತ್ತಿ ಸುಮ್ಮನಾದರು. ಆದರೂ ಎರಡು ತೊಡಕುಗಳಿವೆ. ಕಡಿಮೆ ದರದವರನ್ನು ಬಿಟ್ಟರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬರುತ್ತದೆ ಎಂಬ ಹೆದರಿಕೆ ಒಂದು. ಎರಡನೆಯದು, ತಾರಸಿಯಲ್ಲಿ ಔಟ್‌ಡೋರ್ ಯೂನಿಟ್‌ಗಳನ್ನು ಇಡಬೇಕಾದ ಮೂಲೆಗೆ ಹತ್ತಡಿ ದೂರದಲ್ಲಿ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿಯಿದೆ.

ಲೆಕ್ಕಪರಿಶೋಧಕ, ಮಲ್ಲೇಶ್ವರ:

ಆಕ್ಷೇಪಣೆ ಬರುವುದು ಹೆಚ್ಚು ದರ ಕೊಟ್ಟದ್ದಕ್ಕಲ್ಲ, ಕಾರಣ ಬರೆದಿಡದೆ ಕೊಟ್ಟದ್ದಕ್ಕೆ. ಈಗಿನ ಮೂರು ಕೊಟೇಷನ್‌ಗಳನ್ನು ಹೋಲಿಸಲು ಬರುವುದಿಲ್ಲವಾದ್ದರಿಂದ ಅವನ್ನು ರದ್ದುಪಡಿಸಿ, ಒಂದೇ ಟನ್, ಒಂದೇ ಬಿಒಕ್ಯೂ ಮೇಲೆ ಎರಡು ಲಕೋಟೆಯ ಪದ್ಧತಿಯಲ್ಲಿ ಮತ್ತೆ ಕರೆಯಿರಿ. ತಾಂತ್ರಿಕ ಲಕೋಟೆಯನ್ನು ಮೊದಲು ತೆರೆದು, ಅರ್ಹತೆಯ ಷರತ್ತುಗಳನ್ನು ಪೂರೈಸದವರ ದರದ ಲಕೋಟೆಯನ್ನು ತೆರೆಯದೆಯೇ ಹಿಂದಿರುಗಿಸಿ, ಅದನ್ನು ನಡಾವಳಿಯಲ್ಲಿ ದಾಖಲಿಸಿ. ಷರತ್ತುಗಳು ಕರೆಯುವ ಮೊದಲೇ ಬರೆದವಾಗಿರಬೇಕು, ಲಕೋಟೆ ತೆರೆದ ಮೇಲೆ ಹೊಳೆದವಾಗಿರಬಾರದು. ದರದ ಹೋಲಿಕೆಗೆ ಐದು ವರ್ಷದ ಎಎಂಸಿಯನ್ನೂ ಕೂಡಿಸಿಕೊಳ್ಳಿ. ಪಿಎಫ್ ಮತ್ತು ಇಎಸ್‌ಐ ಕಟ್ಟಿದ ಚಲನ್‌ಗಳನ್ನು ಪ್ರತಿ ಬಿಲ್ಲಿನ ಜೊತೆ ಕೇಳಿ. ಎ.ಸಿ. ಯಂತ್ರಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಹಳೆಯ ನಮೂನೆಯಲ್ಲೇ ಶೇ 28 ಉಳಿಸಿಕೊಂಡಿದ್ದಾರೆಯೇ ಎಂದೂ ನೋಡಿ.

ನಿವೃತ್ತ ಹವಾನಿಯಂತ್ರಣ ವಿನ್ಯಾಸಕ, ಜಯನಗರ:

ಲಕೋಟೆಯ ಮಾತು ಸರಿಯಾಗಿದೆ. ಆದರೆ ಆ "ಒಂದೇ ಟನ್, ಒಂದೇ ಬಿಒಕ್ಯೂ" ಬರೆದುಕೊಡಲು ಯಂತ್ರ ಮಾರದ ಒಬ್ಬ ಸಲಹೆಗಾರರನ್ನು ಶುಲ್ಕ ಕೊಟ್ಟು ಹಿಡಿಯಿರಿ. ಅವರು ಗಾಜಿಗೆ ಫಿಲ್ಮ್ ಅಂಟಿಸಿ, ತಾರಸಿಗೆ ಬಿಳಿ ಹೆಂಚು ಹಾಕಿಸಿ ನಾಲ್ಕು ಟನ್ ಇಳಿಸಿದರೂ ಕೊಟ್ಟ ಶುಲ್ಕ ಅದರಲ್ಲೇ ಹಿಂದಿರುಗುತ್ತದೆ. ಇಂಥ ಸಲಹೆ ಯಂತ್ರ ಮಾರುವವರ ಬಾಯಿಂದ ಬರುವುದು ಅಪರೂಪ. ಡಿಸೆಂಬರ್, ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಗಾಳಿ ಯಂತ್ರದ ಗಾಳಿಯಷ್ಟೇ ತಣ್ಣಗಿರುತ್ತದೆ. ತಾಜಾ ಗಾಳಿಯ ಫ್ಯಾನನ್ನು ಸ್ವಲ್ಪ ದೊಡ್ಡದಾಗಿಟ್ಟರೆ ಆ ಹೊತ್ತಿನಲ್ಲಿ ಕಂಪ್ರೆಸರನ್ನೇ ಓಡಿಸದೆ ಇರಬಹುದೇ ಎಂದು ಅವರನ್ನು ಕೇಳಿ.

ಪಕ್ಕದ ಮನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ಹತ್ತಡಿ ದೂರದಲ್ಲಿ ಸಾಲಾಗಿ ನಾಲ್ಕು ಔಟ್‌ಡೋರ್ ಯೂನಿಟ್‌ಗಳಿಟ್ಟರೆ ಹಗಲಿನ ಮಿತಿಯೂ ದಾಟುತ್ತದೆ. ಯಂತ್ರಗಳನ್ನು ಲಿಫ್ಟ್ ಕೋಣೆಯ ಆಚೆ ಬದಿಗೆ ಸರಿಸಿದರೆ ಗೋಡೆಯೇ ಮರೆಯಾಗುತ್ತದೆ, ಪೈಪ್ ಮಾತ್ರ ನಾಲ್ಕಾರು ಮೀಟರ್ ಹೆಚ್ಚು ಬೇಕು. ಸುತ್ತ ತಗಡಿನ ಮರೆ ಕಟ್ಟಿ ಗಾಳಿಯ ದಾರಿ ಮುಚ್ಚುವ ಸಲಹೆ ಬಂದರೆ ಒಪ್ಪಬೇಡಿ. ಬಿಸಿಗಾಳಿ ಅಲ್ಲೇ ಸುತ್ತಿ ಯಂತ್ರ ಏದುಸಿರು ಬಿಡುತ್ತದೆ. ಆ ಜಾಗದ ತಾರಸಿ ಯಂತ್ರದ ಭಾರ ತಡೆಯುತ್ತದೆಯೇ ಎಂದು ಕಟ್ಟಡದ ಎಂಜಿನಿಯರ್ ಲಿಖಿತವಾಗಿ ಹೇಳಬೇಕು.

ಸಹಕಾರ ಸಂಘದ ಕಾರ್ಯದರ್ಶಿ, ರಾಜಾಜಿನಗರ:

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಕೋಣೆವಾರು ಲೆಕ್ಕ ಕೇಳಿ ಬರೆದ ಪತ್ರಕ್ಕೆ ಮೊದಲನೆಯವರು, "ನಮ್ಮ ಅನುಭವದ ಮೇಲೆ ಕೊಟ್ಟಿದ್ದೇವೆ, ಬೇಕಾದರೆ ಇನ್ನೂ ಶೇ 3 ಇಳಿಸುತ್ತೇವೆ" ಎಂದು ಉತ್ತರಿಸಿದರು. ಮೂರನೆಯವರು ನೀರಿನ ಪ್ರಶ್ನೆಗೆ ಇದುವರೆಗೆ ಉತ್ತರ ಕೊಟ್ಟಿಲ್ಲ. ಎರಡನೆಯವರ ಎಂಜಿನಿಯರ್ ಒಬ್ಬ ಹುಡುಗಿ, ಟೇಪ್ ಹಿಡಿದುಕೊಂಡು ಬಂದು ಎರಡು ದಿನ ಕಟ್ಟಡ ಅಳೆದರು, ಪಶ್ಚಿಮದ ಕಿಟಕಿಗಳ ಹತ್ತಿರ ಮಧ್ಯಾಹ್ನದ ಬಿಸಿಲು ಎಲ್ಲಿಯವರೆಗೆ ಬರುತ್ತದೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಹದಿನಾಲ್ಕು ಪುಟಗಳ ಲೆಕ್ಕ ಕಳಿಸಿದ್ದಾರೆ. ಎತ್ತರದ ತಿದ್ದುಪಡಿ ಮೂರನೇ ಪುಟದಲ್ಲಿದೆ, ಒಟ್ಟು 83.5 ಟನ್ ಬಂದಿದೆ. ಆ ಲೆಕ್ಕವನ್ನು ಈಗ ಸಲಹೆಗಾರರೊಬ್ಬರ ಕೈಗೆ ಕೊಟ್ಟಿದ್ದೇವೆ, ಹೊಸ ಲಕೋಟೆಗಳನ್ನು ಮುಂದಿನ ತಿಂಗಳು ಕರೆಯುತ್ತೇವೆ. ಬೆಸುಗೆ ಕತ್ತರಿಸಿ ತೋರಿಸುವ ಷರತ್ತನ್ನು ಅಧ್ಯಕ್ಷರೇ ತಮ್ಮ ಕೈಯಾರೆ ಸೇರಿಸಿದ್ದಾರೆ.